ಕಹಿ ಇದ್ದದ್ದೆಲ್ಲಾ ಔಷಧಿ ಅಲ್ರೀ!

ಮೊನ್ನೆ ನಮ್ಮ ಡೊಂಬಿವಲಿ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ಸಂದೇಶ ಬಂತು. ಜರ್ದಾಳು ಹಣ್ಣಿನ ಬೀಜದೊಳಗಿನ ಕಹಿ ಬಾದಾಮಿಯಂಥ ತಿರುಳನ್ನು ದಿನಾ ತಿಂದರೆ ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲವಂತೆ. ಅದರಲ್ಲಿ ‘ವಿಟಮಿನ್ ಬಿ17’ ಇದೆಯಂತೆ. ಡಾಕ್ಟರುಗಳು, ಔಷಧಿ ಕಂಪನಿಯವರು ಸೇರಿ ಇದನ್ನು ನಮ್ಮಿಂದ ಮುಚ್ಚಿಟ್ಟಿದ್ದಾರಂತೆ. ಕೊನೆಗೆ ಎರಡು ಕೈಮುಗಿದ ಚಿತ್ರ, ‘ದಯವಿಟ್ಟು ಹತ್ತು ಜನರಿಗೆ ಕಳಿಸಿ, ಒಂದು ಜೀವ ಉಳಿಸಿ’.

ಕಳಿಸಿದವರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ರಿಟೈರ್ ಆದವರು. ಒಳ್ಳೆಯ ಮನುಷ್ಯ. ಗಣೇಶೋತ್ಸವಕ್ಕೆ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುವವರು. ಐದೇ ನಿಮಿಷದಲ್ಲಿ ಹನ್ನೊಂದು ಜನ ಹೆಬ್ಬೆಟ್ಟು ಒತ್ತಿದರು. ‘ಉಪಯುಕ್ತ ಮಾಹಿತಿ ಸರ್’ ಅಂದರು ಇಬ್ಬರು. ಒಬ್ಬರು ‘ಎಲ್ಲಿ ಸಿಗುತ್ತೆ?’ ಅಂತ ಕೇಳಿದರು.

ನನಗೆ ಕೈ ನಡುಗಿತು. ಸಿಟ್ಟಿನಿಂದ ಅಂತ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಸಿಟ್ಟು ಅಷ್ಟೇ ಅಲ್ಲ, ನಾಚಿಕೆ ಕೂಡ. ಯಾಕಂದರೆ 2018ರಲ್ಲಿ ಇದೇ ಬೀಜವನ್ನು ಹುಡುಕಿಕೊಂಡು ಹೋಗಿ, ದುಡ್ಡು ಕೊಟ್ಟು, ಚೀಲದಲ್ಲಿ ಹಾಕಿಕೊಂಡು, ಲೋಕಲ್ ಟ್ರೇನಿನಲ್ಲಿ ನಿಂತುಕೊಂಡು ಮನೆಗೆ ತಂದವನು ನಾನೇ.

ಆ ಕತೆ ಇಷ್ಟು ದಿನ ಬರೆದಿರಲಿಲ್ಲ. ಇವತ್ತು ಬರೆಯುತ್ತೇನೆ. ಗುಂಪಿನಲ್ಲಿ ಜಗಳ ಮಾಡುವುದಕ್ಕಿಂತ ಇಲ್ಲಿ ಬರೆದರೆ ನಾಲ್ಕು ಜನ ಪೂರ್ತಿ ಓದುತ್ತೀರಿ ಎಂಬ ನಂಬಿಕೆ.

* * *

ನಮ್ಮದು ಇಂಡಿ ತಾಲೂಕು. ನಾನು ಮುಂಬಯಿಗೆ ಬಂದದ್ದು 1986ರಲ್ಲಿ. ಬಿಜಾಪುರದ ಕಡೆಯವರಿಗೆ ಗೊತ್ತು, ಊರಲ್ಲಿ ಯಾರಿಗಾದರೂ ‘ಆ ಬ್ಯಾನಿ’ ಬಂತೆಂದರೆ ಮೊದಲು ನೆನಪಾಗುವುದು ಪರೇಲಿನ ಟಾಟಾ ಆಸ್ಪತ್ರೆ, ಆಮೇಲೆ ನೆನಪಾಗುವುದು ಮುಂಬಯಿಯಲ್ಲಿ ಇರುವ ನೆಂಟರು. ಮೂವತ್ತು ವರ್ಷದಲ್ಲಿ ನಮ್ಮ ಎರಡು ಕೋಣೆಯ ಮನೆಯಲ್ಲಿ ಹಾಗೆ ಬಂದು ಉಳಿದವರು ಎಷ್ಟು ಜನವೋ. 2018ರಲ್ಲಿ ಬಂದವರು ನನ್ನ ಸ್ವಂತ ಸೋದರಮಾವ. ಅವ್ವನ ತಮ್ಮ. ನಾಲಿಗೆಯ ಪಕ್ಕಕ್ಕೆ ಹುಣ್ಣು. ನಲವತ್ತು ವರ್ಷ ಎಲೆ-ಅಡಿಕೆ-ತಂಬಾಕು ಹಾಕಿದ ಬಾಯಿ.

ಡಾಕ್ಟರು ಸ್ಪಷ್ಟವಾಗಿ ಹೇಳಿದರು: ಗಡ್ಡೆ ಇನ್ನೂ ಸಣ್ಣದಿದೆ, ಆಪರೇಷನ್ ಮಾಡೋಣ, ನಾಲಿಗೆಯ ಒಂದು ಭಾಗ ತೆಗೆಯಬೇಕಾಗುತ್ತೆ, ತಡ ಮಾಡಬೇಡಿ. ಮಾಮಾ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. “ತಮ್ಮಾ, ನಾಲಗಿ ಕೊಯ್ಸಿಕೊಂಡು ನಾ ಊರಾಗ ಹ್ಯಾಂಗ ಮಾತಾಡ್ಲಿ?” ಅಂದರು. ಊರಿನ ಪಂಚಾಯ್ತಿಯಲ್ಲಿ, ಮದುವೆ ಮಾತುಕತೆಯಲ್ಲಿ ಮಾತಿನಿಂದಲೇ ಬದುಕಿದ ಮನುಷ್ಯ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ವಾರವೇ ಮಾಮಾನ ಮಗನ ಫೋನಿಗೆ ಈ ಬಿ17 ಸಂದೇಶ ಬಂತು. ಚಾಕು ಇಲ್ಲ, ಕರೆಂಟು ಇಲ್ಲ, ಕೂದಲು ಉದುರುವುದಿಲ್ಲ. ದೇವರು ಹಣ್ಣಿನೊಳಗೆ ಇಟ್ಟ ಔಷಧಿ. ಮಾಮಾನ ಮುಖ ಅರಳಿತು. ನಾನು ಮಸ್ಜಿದ್ ಬಂದರ್ ಕಡೆಯ ಒಣಹಣ್ಣಿನ ಅಂಗಡಿಗಳಲ್ಲಿ ಸುತ್ತಿದೆ. ಒಂದು ಕಡೆ ಸಿಕ್ಕಿತು. ಪ್ಯಾಕೆಟ್ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ವಿಟಮಿನ್ ಬಿ17, ಹಸಿರು ಎಲೆಯ ಚಿತ್ರ, ‘ನೂರಕ್ಕೆ ನೂರು ನೈಸರ್ಗಿಕ’. ಎಚ್ಚರಿಕೆಯ ಮಾತು ಒಂದೂ ಇಲ್ಲ. ಕೇಳಿದ್ದಕ್ಕೆ ಅಂಗಡಿಯವನು, “ಜಿತನಾ ಕಡವಾ, ಉತನಾ ಅಚ್ಛಾ” ಅಂದ. ಎಷ್ಟು ಕಹಿಯೋ ಅಷ್ಟು ಒಳ್ಳೆಯದು.

ನಾನು ಒಪ್ಪಿದೆ. ಯಾಕೆ ಒಪ್ಪಬಾರದು? ಯುಗಾದಿ ದಿನ ಬೇವು ತಿಂದು ಬೆಳೆದವರು ನಾವು. ಹಾಗಲಕಾಯಿ ಸಕ್ಕರೆ ಕಾಯಿಲೆಗೆ ಒಳ್ಳೆಯದು, ನೆಲಬೇವಿನ ಕಷಾಯ ಜ್ವರಕ್ಕೆ ಒಳ್ಳೆಯದು. ಕಹಿ ಅಂದರೆ ಔಷಧಿ ಅಂತ ನಮ್ಮ ನಾಲಿಗೆಯೇ ಕಲಿತುಬಿಟ್ಟಿದೆ. ಆದರೆ ಅದೇ ನಾಲಿಗೆ ಸಾವಿರಾರು ವರ್ಷದಿಂದ ಇನ್ನೊಂದನ್ನೂ ಕಲಿತಿದೆ. ಕಹಿ ಬಾದಾಮಿ ಬಾಯಿಗೆ ಬಂದರೆ ತಕ್ಷಣ ಉಗುಳುತ್ತೇವಲ್ಲ, ಆ ಪಾಠ. ಅದನ್ನು ಮರೆತೆವು.

* * *

ಮೊದಲು ಮಾಮಾ ದಿನಕ್ಕೆ ಐದು ತಿಂದರು. ಆಮೇಲೆ ಹತ್ತು. ಬಾಯಿ ಹುಣ್ಣಿಗೆ ಅಗಿಯುವುದು ಕಷ್ಟ ಅಂತ ನನ್ನ ಹೆಂಡತಿ ಅದನ್ನು ಮಿಕ್ಸಿಗೆ ಹಾಕಿ ಪುಡಿ ಮಾಡಿ ಜೇನುತುಪ್ಪದಲ್ಲಿ ಕಲಸಿ ಕೊಡುತ್ತಿದ್ದಳು. “ಮಾಮಾ, ಭಾಳ ಕಹಿ ಅದರಿ, ಸ್ವಲ್ಪ ಕಡಿಮಿ ತಗೊಳ್ರಿ” ಅಂದರೆ, “ಇರ್ಲಿ ಬಿಡವಾ, ಕಹಿ ಇದ್ರನ ಗುಣ” ಅನ್ನುತ್ತಿದ್ದರು. ಸ್ವಲ್ಪ ತಲೆನೋವು, ಸ್ವಲ್ಪ ಓಕರಿಕೆ ಇತ್ತು. ‘ವಿಷ ಹೊರಗೆ ಹೋಗುತ್ತಿದೆ, ಹೆದರಬೇಡಿ’ ಅಂತ ಸಂದೇಶದಲ್ಲಿ ಮೊದಲೇ ಬರೆದಿತ್ತು! ಎಂಥ ಜಾಣತನ ನೋಡಿ. ವಿಷ ಒಳಗೆ ಹೋಗುತ್ತಿರುವುದರ ಲಕ್ಷಣವನ್ನೇ ವಿಷ ಹೊರಗೆ ಹೋಗುವ ಲಕ್ಷಣ ಅಂತ ಮಾರುವುದು.

ಏಳು ವಾರ ಹೀಗೆ ನಡೆಯಿತು. ಆಪರೇಷನ್ ದಿನಾಂಕ ಎರಡು ಸಲ ಮುಂದೆ ಹೋಯಿತು. ಒಂದು ದಿನ ಬೆಳಿಗ್ಗೆ ಮಾಮಾ ತಾವೇ ಮಿಕ್ಸಿ ಹಚ್ಚಿ, ಸುಮಾರು ಮೂವತ್ತು ಬೀಜ ಪುಡಿ ಮಾಡಿ ತಿಂದರು. ಬೇಗ ಗುಣವಾಗಲಿ ಅಂತ. ಇಪ್ಪತ್ತು ನಿಮಿಷದೊಳಗೆ ತಲೆ ತಿರುಗಿತು, ವಾಂತಿಯಾಯಿತು. ಓಡಿ ಬಂದವರ ಹಾಗೆ ಏದುಸಿರು. ಮಾತು ತೊದಲಿತು. ಬಚ್ಚಲ ಬಾಗಿಲಲ್ಲಿ ಕುಸಿದರು.

ಓಣಿಯ ನರ್ಸಿಂಗ್ ಹೋಮಿನಲ್ಲಿ ಬೆರಳಿಗೆ ಸಿಕ್ಕಿಸಿದ ಮೀಟರು ಆಕ್ಸಿಜನ್ 98 ಅಂತ ತೋರಿಸುತ್ತಿತ್ತು. ಮನುಷ್ಯ ಮಾತ್ರ ಉಸಿರಿಗಾಗಿ ಒದ್ದಾಡುತ್ತಿದ್ದ. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಂದೇ ಪ್ರಶ್ನೆ ಕೇಳಿದಳು: “ಇವರು ಬೆಳಿಗ್ಗೆಯಿಂದ ಏನೇನು ತಿಂದಿದ್ದಾರೆ? ಒಂದೂ ಬಿಡದೆ ಹೇಳಿ.” ಹೆಂಡತಿ ಅಳುತ್ತಾ ಬೀಜದ ಹೆಸರು ಹೇಳಿದಳು. ಆ ಹುಡುಗಿಯ ಮುಖ ಬದಲಾಯಿತು. ಆಕ್ಸಿಜನ್ ಹಚ್ಚಿ, ಆಂಬುಲೆನ್ಸ್ ಕರೆಸಿ, ದೊಡ್ಡ ಆಸ್ಪತ್ರೆಗೆ ತಾನೇ ಫೋನ್ ಮಾಡಿ ಹೇಳಿದ ಶಬ್ದ ಇನ್ನೂ ನನ್ನ ಕಿವಿಯಲ್ಲಿದೆ.

“ಸಯನೈಡ್ ಪಾಯ್ಸನಿಂಗ್.”

ಮಾಮಾ ಆ ದಿನ ಬದುಕಿದರು. ಸೋಡಿಯಂ ಥಯೋಸಲ್ಫೇಟ್ ಎಂಬ ಮದ್ದು ರಕ್ತಕ್ಕೆ ಕೊಟ್ಟು ಉಳಿಸಿದರು. ಆಮೇಲೆ ಆಪರೇಷನ್ನೂ ಆಯಿತು. ಆದರೆ ಅಷ್ಟರಲ್ಲಿ ಬ್ಯಾನಿ ಕುತ್ತಿಗೆಯ ಗಂಟುಗಳಿಗೆ ಇಳಿದಿತ್ತು. 2019ರ ಶ್ರಾವಣದಲ್ಲಿ ಹೋದರು. ಮೊದಲೇ ಆಪರೇಷನ್ ಮಾಡಿಸಿದ್ದರೆ ಉಳಿಯುತ್ತಿದ್ದರು ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಆ ಏಳು ವಾರವನ್ನು ಅವರಿಂದ ಕಿತ್ತುಕೊಂಡದ್ದು ಕ್ಯಾನ್ಸರ್ ಅಲ್ಲ. ಒಂದು ಸಂದೇಶ, ಒಂದು ಪ್ಯಾಕೆಟ್, ಮತ್ತು ಅದನ್ನು ತಂದುಕೊಟ್ಟ ಓದಿದ ಅಳಿಯ.

* * *

ಇರಲಿ, ಅಳು ಸಾಕು. ಈಗ ವಿಷಯಕ್ಕೆ ಬರುತ್ತೇನೆ. ಅವತ್ತಿನಿಂದ ನಾನು ಈ ಬೀಜದ ಬಗ್ಗೆ ಸಿಕ್ಕಿದ್ದೆಲ್ಲಾ ಓದಿದ್ದೇನೆ.

ಜರ್ದಾಳು, ಪೀಚ್, ಪ್ಲಮ್, ಚೆರ್ರಿ, ಸೇಬು, ಕಹಿ ಬಾದಾಮಿ ಇವುಗಳ ಬೀಜದಲ್ಲಿ ಅಮಿಗ್ಡಾಲಿನ್ ಎಂಬ ಪದಾರ್ಥ ಇರುತ್ತದೆ. 1830ರಲ್ಲಿ ಫ್ರಾನ್ಸಿನ ರಸಾಯನ ಶಾಸ್ತ್ರಜ್ಞರು ಇದನ್ನು ಕಹಿ ಬಾದಾಮಿಯಿಂದ ಬೇರ್ಪಡಿಸಿದರು. ಅದೇ ಬೀಜದಲ್ಲಿ ಬೇರೆ ಕೋಶಗಳಲ್ಲಿ ಒಂದು ಕಿಣ್ವವೂ ಇರುತ್ತದೆ. ಬೀಜ ಇಡಿಯಾಗಿರುವ ತನಕ ಎರಡೂ ಬೇರೆ ಬೇರೆ. ಅಗಿದರೆ, ಜಜ್ಜಿದರೆ, ಮಿಕ್ಸಿಗೆ ಹಾಕಿದರೆ ಎರಡೂ ಕೂಡುತ್ತವೆ. ಒಂದಿಷ್ಟು ಸಕ್ಕರೆ, ಒಂದಿಷ್ಟು ಬಾದಾಮಿ ವಾಸನೆಯ ಎಣ್ಣೆ, ಜೊತೆಗೆ ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ. ಹುಳು-ಪ್ರಾಣಿಗಳು ತನ್ನ ಬೀಜ ಅಗಿಯಬಾರದು ಅಂತ ಗಿಡ ಇಟ್ಟುಕೊಂಡ ಕಾವಲುಗಾರ ಅದು. ನಮಗೆ ಔಷಧಿ ಕೊಡಲು ಇಟ್ಟದ್ದಲ್ಲ.

ಸಯನೈಡ್ ನಮ್ಮ ಜೀವಕೋಶದೊಳಗೆ ಆಕ್ಸಿಜನ್ ಬಳಸುವ ಯಂತ್ರಕ್ಕೇ ಹೋಗಿ ಕೀಲಿ ಹಾಕುತ್ತದೆ. ರಕ್ತದಲ್ಲಿ ಆಕ್ಸಿಜನ್ ತುಂಬಿ ತುಳುಕುತ್ತಿರುತ್ತದೆ, ಕೋಶಕ್ಕೆ ಅದನ್ನು ಬಳಸಲಾಗುವುದಿಲ್ಲ. ಅದಕ್ಕೇ ಮೀಟರು 98 ತೋರಿಸಿದ್ದು. ಬಾಗಿಲ ತನಕ ನೀರಿನ ಟ್ಯಾಂಕರ್ ಬಂದಿದೆ, ನಲ್ಲಿಗೆ ಬೀಗ ಬಿದ್ದಿದೆ, ಹಾಗೆ.

ಲೆಕ್ಕ ಎಷ್ಟು? ಒಂದು ಗ್ರಾಂ ಅಮಿಗ್ಡಾಲಿನ್‌ನಿಂದ 59 ಮಿಲಿಗ್ರಾಂ ತನಕ ಸಯನೈಡ್ ಹುಟ್ಟಬಲ್ಲದು. 2014ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ ಜರ್ದಾಳು ಬೀಜದ ಒಂದು ಗ್ರಾಂನಲ್ಲಿ ಸುಮಾರು 14 ಮಿಲಿಗ್ರಾಂ, ಸೇಬಿನ ಬೀಜದಲ್ಲಿ ಸುಮಾರು 3 ಮಿಲಿಗ್ರಾಂ ಅಮಿಗ್ಡಾಲಿನ್ ಸಿಕ್ಕಿತು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2016ರಲ್ಲಿ ಹೇಳಿದ್ದು ಇದು: ದೊಡ್ಡವರು ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಸಣ್ಣ ಹಸಿ ಜರ್ದಾಳು ಬೀಜ ತಿಂದರೆ ಸುರಕ್ಷಿತ ಮಿತಿ ದಾಟುತ್ತದೆ. ದೊಡ್ಡ ಬೀಜವಾದರೆ ಅರ್ಧಕ್ಕೇ ದಾಟುತ್ತದೆ. ಪುಟ್ಟ ಮಕ್ಕಳಿಗೆ ಒಂದು ಸಣ್ಣ ಬೀಜವೂ ಹೆಚ್ಚು. ದೇಹದ ತೂಕದ ಪ್ರತಿ ಕಿಲೋಗೆ ಅರ್ಧದಿಂದ ಮೂರೂವರೆ ಮಿಲಿಗ್ರಾಂ ಸಯನೈಡ್ ಪ್ರಾಣ ತೆಗೆಯಬಲ್ಲದು. ಮಾಮಾ ಅವತ್ತು ತಿಂದದ್ದು ಮೂವತ್ತು. 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾದ 41 ವರ್ಷದ ಹೆಂಗಸು ತಿಂದದ್ದೂ ಸುಮಾರು ಮೂವತ್ತೇ. ಇಪ್ಪತ್ತು ನಿಮಿಷದಲ್ಲಿ ಲಕ್ಷಣ ಶುರುವಾಗಿ, ಆಮೇಲೆ ಪ್ರಜ್ಞೆ ತಪ್ಪಿತ್ತು. ಪ್ರತಿವಿಷ ಕೊಟ್ಟು ಉಳಿಸಿದರು.

“ನಾನು ಸ್ವಲ್ಪಸ್ವಲ್ಪವೇ ತಿಂತೀನಿ, ಏನೂ ಆಗಿಲ್ಲ” ಅನ್ನುವವರಿಗೆ ಇನ್ನೊಂದು: 2017ರಲ್ಲಿ ವರದಿಯಾದ ಆಸ್ಟ್ರೇಲಿಯಾದ 67 ವರ್ಷದ ಮನುಷ್ಯ ಐದು ವರ್ಷ ದಿನಾ ಎರಡು ಟೀ ಚಮಚ ಬೀಜದ ಪುಡಿ, ಜೊತೆಗೆ ಅದರದ್ದೇ ಮಾತ್ರೆ ತಿಂದ. ಬೇರೇನೋ ಕಾರಣಕ್ಕೆ ಆಸ್ಪತ್ರೆಗೆ ಹೋದಾಗ ನೋಡಿದರೆ ರಕ್ತದಲ್ಲಿ ಇರಬಹುದಾದ ಮಿತಿಯ ಸುಮಾರು 25 ಪಟ್ಟು ಸಯನೈಡ್!

* * *

ಈಗ ‘ವಿಟಮಿನ್ ಬಿ17’ ಎಂಬ ಸುಳ್ಳಿನ ಹುಟ್ಟು.

ವಿಟಮಿನ್ ಅಂದರೇನು? ಅದು ಸಿಗದಿದ್ದರೆ ಒಂದು ನಿರ್ದಿಷ್ಟ ರೋಗ ಬರಬೇಕು, ಕೊಟ್ಟರೆ ಆ ರೋಗ ಹೋಗಬೇಕು. ಸಿ ಇಲ್ಲದಿದ್ದರೆ ಸ್ಕರ್ವಿ, ಬಿ1 ಇಲ್ಲದಿದ್ದರೆ ಬೆರಿಬೆರಿ. ನಮ್ಮ ಜೋಳದ ಸೀಮೆಗೇ ಬನ್ನಿ. ಬರೀ ಜೋಳದ ಮೇಲೆ ಬದುಕುವ ದಖ್ಖನ್ನಿನ ಬಡವರಲ್ಲಿ ಚರ್ಮ ಕಪ್ಪಾಗಿ ಸುಲಿಯುವ ಪೆಲ್ಲಾಗ್ರ ರೋಗ ಇತ್ತು. ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಸುಮಾರಿಗೆ ಅದರ ಬೆನ್ನು ಹತ್ತಿ, ನಯಾಸಿನ್ ಎಂಬ ಬಿ ವಿಟಮಿನ್‌ಗೂ ಜೋಳಕ್ಕೂ ಇರುವ ಸಂಬಂಧ ಹುಡುಕಿದರು. ಅದು ವಿಟಮಿನ್, ಅದು ಸಂಶೋಧನೆ. ಅಮಿಗ್ಡಾಲಿನ್ ತಿನ್ನದಿದ್ದರೆ ಯಾವ ರೋಗ ಬರುತ್ತದೆ? ಯಾವುದೂ ಇಲ್ಲ. ಜಗತ್ತಿನಲ್ಲಿ ‘ವಿಟಮಿನ್ ಬಿ17’ ಎಂಬ ವಿಟಮಿನ್ನೇ ಇಲ್ಲ.

ಆ ಹೆಸರು ಕಟ್ಟಿದವನು ಅಮೆರಿಕದ ಅರ್ನೆಸ್ಟ್ ಕ್ರೆಬ್ಸ್ ಜೂನಿಯರ್. ಹೆಸರಿನ ಹಿಂದೆ ಡಾಕ್ಟರ್ ಇತ್ತು, ವೈದ್ಯಕೀಯ ಪದವಿ ಇರಲಿಲ್ಲ. ಅಮಿಗ್ಡಾಲಿನ್‌ನ ತಮ್ಮನಂಥ ಲೇಟ್ರೈಲ್ ಎಂಬುದನ್ನು ಅಪ್ಪ-ಮಗ ಸೇರಿ 1950ರ ದಶಕದಿಂದ ಕ್ಯಾನ್ಸರ್ ಔಷಧಿ ಅಂತ ಪ್ರಚಾರ ಮಾಡಿದರು. ಔಷಧಿ ಅಂದರೆ ಸರಕಾರ ಪುರಾವೆ ಕೇಳುತ್ತದೆ. ವಿಟಮಿನ್ ಅಂದರೆ? ಊಟದ ಲೆಕ್ಕ. ಆ ಹೆಸರಿನ ಲಾಭ ಅಲ್ಲಿತ್ತು.

‘ಡಾಕ್ಟರುಗಳು ಮುಚ್ಚಿಟ್ಟರು’ ಅನ್ನುತ್ತೀರಲ್ಲ, ಮುಚ್ಚಿಡಲಿಲ್ಲ. ಜನರ ಒತ್ತಾಯಕ್ಕೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿತು. ಮೇಯೋ ಕ್ಲಿನಿಕ್ಕಿನ ಡಾ. ಚಾರ್ಲ್ಸ್ ಮೋರ್ಟೆಲ್ ಮುಂದಾಳತ್ವದಲ್ಲಿ 178 ಕ್ಯಾನ್ಸರ್ ರೋಗಿಗಳಿಗೆ ಅಮಿಗ್ಡಾಲಿನ್, ಜೊತೆಗೆ ಅದರ ಪ್ರಚಾರಕರು ಹೇಳಿದ ಪಥ್ಯ-ವಿಟಮಿನ್ ಎಲ್ಲಾ ಕೊಟ್ಟು ನೋಡಿದರು. 1982ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಬ್ಬರಿಗೂ ಗುಣವಾಗಲಿಲ್ಲ. ಆಯುಷ್ಯ ಹೆಚ್ಚಲಿಲ್ಲ. ಕೆಲವರ ರಕ್ತದಲ್ಲಿ ಸಯನೈಡ್ ಪ್ರಾಣಾಪಾಯದ ಮಟ್ಟಕ್ಕೆ ಹತ್ತಿರ ಹೋಗಿತ್ತು. ಹಾಲಿವುಡ್ಡಿನ ಸ್ಟೀವ್ ಮ್ಯಾಕ್ವೀನ್‌ಗೆ ದುಡ್ಡಿನ ಕೊರತೆ ಇರಲಿಲ್ಲ. ಮೆಕ್ಸಿಕೋಗೆ ಹೋಗಿ ಈ ಚಿಕಿತ್ಸೆ ತೆಗೆದುಕೊಂಡ. 1980ರ ನವೆಂಬರಿನಲ್ಲಿ ತೀರಿಕೊಂಡ. ಅಮೆರಿಕದಲ್ಲಿ ನಲವತ್ತು ವರ್ಷದ ಹಿಂದೆ ಸತ್ತ ಈ ಸುಳ್ಳು ವಾಟ್ಸಾಪ್ ಹತ್ತಿ ನಮ್ಮ ಇಂಡಿ ತಾಲೂಕಿಗೆ ಬಂದಿದೆ.

ಇನ್ನು ಹುಂಜಾ ಕಣಿವೆಯ ಜನ ಜರ್ದಾಳು ತಿಂದು ನೂರಿಪ್ಪತ್ತು ವರ್ಷ ಬದುಕುತ್ತಾರೆ ಎಂಬ ಕತೆ. 1950ರ ಹೊತ್ತಿಗೆ ಅಲ್ಲಿ ಇದ್ದು ದವಾಖಾನೆ ನಡೆಸಿದ ಅಮೆರಿಕದ ಭೂವಿಜ್ಞಾನಿ ಜಾನ್ ಕ್ಲಾರ್ಕ್ ಬರೆದ ಪುಸ್ತಕ ಇದೆ. ಅವನ ಬಾಗಿಲಿಗೆ ಸಾವಿರಾರು ರೋಗಿಗಳು ಬಂದರು. ಅವರೂ ನಮ್ಮ ನಿಮ್ಮ ಹಾಗೆ ಜ್ವರ, ಆಮಶಂಕೆಯಿಂದ ನರಳುವ ಮನುಷ್ಯರೇ.

ಎಲ್ಲಕ್ಕಿಂತ ದೊಡ್ಡ ವ್ಯಂಗ್ಯ ಹೇಳಲಾ? ಸಯನೈಡಿಗೆ ಈಗಿನ ಉತ್ತಮ ಪ್ರತಿವಿಷಗಳಲ್ಲಿ ಒಂದು ಹೈಡ್ರಾಕ್ಸೊಕೊಬಾಲಮಿನ್. ಅದು ಬಿ12ನ ಒಂದು ರೂಪ. ಸುಳ್ಳು ಬಿ ವಿಟಮಿನ್ ಹಾಕಿದ ವಿಷವನ್ನು ನಿಜವಾದ ಬಿ ವಿಟಮಿನ್ ಬಂದು ತೆಗೆಯಬೇಕು!

* * *

“ಹಾಗಾದರೆ ನಮ್ಮ ಹಿರಿಯರು ತಿಂದಿಲ್ಲವಾ?” ಇದು ಗುಂಪಿನಲ್ಲಿ ನನಗೆ ಬಂದ ಉತ್ತರ. ಸ್ವಾಮಿ, ಹಿರಿಯರ ಮಾತು ಎತ್ತಿದ್ದು ಒಳ್ಳೆಯದಾಯಿತು. ಹಿರಿಯರು ನನ್ನ ಕಡೆಗೇ ಇದ್ದಾರೆ.

ನಮ್ಮ ಕಟ್ಟಡದಲ್ಲಿ ಮಂಗಳೂರು ಕಡೆಯವರು ಇದ್ದಾರೆ. ಮಳೆಗಾಲದಲ್ಲಿ ಊರಿಂದ ಕಣಿಲೆ ಬರುತ್ತದೆ. ಮಲೆನಾಡಿನವರು ಕಳಲೆ ಅನ್ನುವ ಎಳೆ ಬಿದಿರು. ಅದನ್ನು ಬಂದ ದಿನವೇ ಯಾರೂ ಬೇಯಿಸುವುದಿಲ್ಲ. ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಚೆಲ್ಲಿ, ಎರಡು ಮೂರು ದಿನ ಕಾದು ಆಮೇಲೆ ಪಲ್ಯ. ಯಾಕೆ? ಹಸಿ ಬಿದಿರಿನಲ್ಲೂ ಸಯನೈಡ್ ಹುಟ್ಟಿಸುವ ಪದಾರ್ಥ ಇದೆ. ಆ ಅಜ್ಜಿಯರಿಗೆ ರಸಾಯನ ಶಾಸ್ತ್ರ ಗೊತ್ತಿರಲಿಲ್ಲ, ನೀರು ಚೆಲ್ಲುವುದು ಗೊತ್ತಿತ್ತು. ಕೇರಳದವರು ಮರಗೆಣಸನ್ನು ಹೆಚ್ಚಿ ಕುದಿಸಿ ನೀರು ಬಸಿದು ತಿನ್ನುತ್ತಾರೆ. ಅದನ್ನು ಸರಿಯಾಗಿ ನೆನೆಸಿ ಒಣಗಿಸಲು ಪುರಸೊತ್ತಿಲ್ಲದ ಬರಗಾಲದಲ್ಲಿ, 1981ರಲ್ಲಿ, ಆಫ್ರಿಕಾದ ಮೊಜಾಂಬಿಕ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನರ ಕಾಲು ಸೆಟೆದು ನಿಂತವು. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಆ ರೋಗಕ್ಕೆ ಕೊಂಜೊ ಅನ್ನುತ್ತಾರೆ.

ಜರ್ದಾಳು ಬೆಳೆಯುವ ಲಡಾಖಿನವರಿಗೆ ಸಿಹಿ ತಿರುಳಿನ ಜಾತಿ ಬೇರೆ, ಕಹಿ ತಿರುಳಿನ ಜಾತಿ ಬೇರೆ. ಸಿಹಿಯದನ್ನು ತಿನ್ನುತ್ತಾರೆ, ಕಹಿಯದರಿಂದ ಎಣ್ಣೆ ತೆಗೆಯುತ್ತಾರೆ. ಹೈದರಾಬಾದಿನಲ್ಲಿರುವ ಕನ್ನಡಿಗರು ಮದುವೆಯಲ್ಲಿ ಖುಬಾನಿ ಕಾ ಮೀಠಾ ತಿಂದೇ ಇರುತ್ತೀರಿ. ಮೇಲೆ ನಾಲ್ಕು ಬಿಳಿ ತಿರುಳು ಇಟ್ಟಿರುತ್ತಾರಲ್ಲ, ಅದು ಸಿಹಿ ಜಾತಿಯದು, ಅಲಂಕಾರಕ್ಕೆ. ಯಾವ ಬಾಣಸಿಗನೂ ಕಹಿ ಬೀಜ ಮೂವತ್ತು ಪುಡಿ ಮಾಡಿ ಹಾಕಿಲ್ಲ. ಹಿರಿಯರ ಹೆಸರು ಹೇಳಿ ಹಿರಿಯರು ಎಂದೂ ಮಾಡದ ಕೆಲಸ ಮಾಡಿಸುವುದಿದೆಯಲ್ಲ, ಅದು ಪರಂಪರೆ ಅಲ್ಲ, ವ್ಯಾಪಾರ.

ಇನ್ನೊಂದು ತುದಿಯವರಿಗೂ ಒಂದು ಮಾತು. ‘ಸೇಬಿನ ಬೀಜ ಒಂದು ನುಂಗಿದರೆ ಸಾವು ಖಚಿತ’ ಅಂತ ಹೆದರಿಸುವ ಸಂದೇಶವೂ ಓಡಾಡುತ್ತಿದೆ. ಅದೂ ಸುಳ್ಳು. ಇಡಿಯಾಗಿ ನುಂಗಿದ ಬೀಜ ಇಡಿಯಾಗಿಯೇ ಹೊರಗೆ ಹೋಗುತ್ತದೆ. ದೊಡ್ಡವರ ಪ್ರಾಣಕ್ಕೆ ಕುತ್ತು ಬರಬೇಕಾದರೆ ನೂರಾರು ಸೇಬಿನ ಬೀಜ ನುರಿಸಿ ತಿನ್ನಬೇಕು. ಮೊಮ್ಮಗಳು ಒಂದು ಬೀಜ ನುಂಗಿದಳು ಅಂತ ಮಧ್ಯರಾತ್ರಿ ಆಸ್ಪತ್ರೆಗೆ ಓಡಬೇಡಿ. ಅಂಗಡಿಯ ಸಿಹಿ ಬಾದಾಮಿಗೂ ಹೆದರಬೇಡಿ. ಹೆದರಬೇಕಾದದ್ದು ಕಹಿ ಬೀಜಕ್ಕೆ, ಪುಡಿಗೆ, ಪ್ರಮಾಣಕ್ಕೆ. ಸುಳ್ಳು ಹೆದರಿಕೆ ಹುಟ್ಟಿಸಿದರೆ ನಿಜವಾದ ಎಚ್ಚರಿಕೆಯನ್ನು ಯಾರೂ ನಂಬುವುದಿಲ್ಲ.

* * *

ನನ್ನ ಸಿಟ್ಟು ಮೂರು ಕಡೆಗೆ.

ಒಂದು, ಮಾರುವವರ ಮೇಲೆ. ನಮ್ಮ ದೇಶದಲ್ಲಿ ಕಾನೂನು ಇಲ್ಲವೆಂದಲ್ಲ. ಕ್ಯಾನ್ಸರ್ ಗುಣಪಡಿಸುತ್ತೇವೆ ಅಂತ ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸುತ್ತದೆ. ಆಹಾರದಲ್ಲಿ ಸಹಜವಾಗಿ ಇರಬಹುದಾದ ವಿಷಗಳಿಗೆ 2011ರ ಆಹಾರ ಸುರಕ್ಷತಾ ನಿಯಮಗಳು ಮಿತಿ ಹಾಕಿವೆ. ಅದರಲ್ಲಿ ಹೈಡ್ರೋಸಯಾನಿಕ್ ಆಮ್ಲಕ್ಕೆ ಕಿಲೋಗೆ 5 ಮಿಲಿಗ್ರಾಂ. ಮೇಲಿನ ಲೆಕ್ಕ ಹಾಕಿದರೆ ಒಂದು ಕಿಲೋ ಜರ್ದಾಳು ಬೀಜ 800 ಮಿಲಿಗ್ರಾಂ ದಾಟಿಸಬಲ್ಲದು. ನೂರೈವತ್ತು ಪಟ್ಟಿಗಿಂತ ಹೆಚ್ಚು! ಆಸ್ಟ್ರೇಲಿಯಾ, ನ್ಯೂಜಿಲೆಂಡ್ 2015ರಲ್ಲೇ ಹಸಿ ಜರ್ದಾಳು ಬೀಜದ ಮಾರಾಟ ನಿಲ್ಲಿಸಿದವು. ಯುರೋಪು 2017ರಲ್ಲಿ ಮಿತಿ ಹಾಕಿತು. ನಮ್ಮಲ್ಲಿ ಪುಸ್ತಕದಲ್ಲಿ ಮಿತಿ ಇದೆ, ಪ್ಯಾಕೆಟ್ ಮೇಲೆ ಹಸಿರೆಲೆ ಇದೆ.

ಎರಡು, ನಮ್ಮಂಥ ಓದಿದವರ ಮೇಲೆ. ಊರಿನವರು ನಮ್ಮನ್ನು ನಂಬುತ್ತಾರೆ ಕಣ್ರೀ. ‘ಮುಂಬಯಿದಾಗ ಅದಾನ, ತಿಳದಾಂವ’ ಅಂತ. ಆ ನಂಬಿಕೆಯ ಮೇಲೆ ನಾವು ಒಂದು ಬೆರಳಲ್ಲಿ ವಿಷ ಮುಂದೂಡುತ್ತೇವೆ. ಸಕ್ಕರೆ ಕಿಲೋಗೆ ಎರಡು ರೂಪಾಯಿ ಹೆಚ್ಚಾದರೆ ನಾಲ್ಕು ಅಂಗಡಿ ವಿಚಾರಿಸುವವರು, ಜೀವದ ವಿಷಯ ಬಂದಾಗ ಒಂದು ಡಾಕ್ಟರನ್ನೂ ಕೇಳುವುದಿಲ್ಲ. ‘ಒಳ್ಳೆಯ ಉದ್ದೇಶದಿಂದ ಕಳಿಸಿದೆ’ ಅನ್ನಬೇಡಿ. ನಾನೂ ಒಳ್ಳೆಯ ಉದ್ದೇಶದಿಂದಲೇ ತಂದಿದ್ದೆ.

ಮೂರನೆಯದು, ಎಚ್ಚರಿಕೆ ಕೊಡುವವರ ಮೇಲೆ. ಇದನ್ನು ಹೇಳಲು ಒಂದು ಹಳೆಯ ಕತೆಗೆ ಹೋಗಬೇಕು.

1972ರ ಬರಗಾಲ. ನಾನು ಎಂಟು ವರ್ಷದವನು. ಮಳೆ ಕೈಕೊಟ್ಟು ಮೊಳಕಾಲುದ್ದದ ಜೋಳ ಹೊಲದಲ್ಲೇ ಬಾಡಿ ನಿಂತಿತ್ತು. ನಮ್ಮ ಗೌರಿ ಆಕಳು ಹಗ್ಗ ಬಿಡಿಸಿಕೊಂಡು ಅದರಲ್ಲಿ ಹೊಕ್ಕು ಮೇಯ್ದಿತು. ಹಸಿದ ದನ, ಪಾಪ. ಒಂದು ತಾಸಿನೊಳಗೆ ಬಾಯಲ್ಲಿ ನೊರೆ, ಏದುಸಿರು, ನೆಲಕ್ಕೆ ಬಿದ್ದು ಕಾಲು ಬಡಿದು ಸತ್ತಿತು. ನಾನು ಅಳುತ್ತಾ ನಿಂತಿದ್ದಾಗ ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದವರು ಇದೇ ಮಾಮಾ: “ತಮ್ಮಾ, ಎಳೀ ಜೋಳದಾಗ ವಿಷ ಇರತದ. ಬರಗಾಲದಾಗ ಇನ್ನಾ ಹೆಚ್ಚ. ಕೂಳೆ ಚಿಗುರಿನಾಗೂ ಇರತದ. ತೆನಿ ಬಂದು ಬಲಿತ ಮ್ಯಾಲ ಏನೂ ಆಗೂದಿಲ್ಲ. ನೆನಪಿಟ್ಟುಕೋ.”

ಅಕ್ಷರಶಃ ಸರಿ. ಎಳೆ ಜೋಳದಲ್ಲಿ ಇರುವುದು ಧುರಿನ್ ಎಂಬ ಪದಾರ್ಥ. ದನ ಅಗಿದಾಗ ಅದರಿಂದ ಹುಟ್ಟುವುದು ಸಯನೈಡ್. 1902ರಲ್ಲಿ ವಿಜ್ಞಾನಿಗಳು ಬರೆದಿಟ್ಟದ್ದನ್ನು ನನ್ನ ಮಾಮಾ ಶಾಲೆಯ ಮೆಟ್ಟಿಲು ಸರಿಯಾಗಿ ಹತ್ತದೇ ತಿಳಿದಿದ್ದರು. ಆ ಕಣಿಕಿ, ಈ ಚಿಗುರು, ಯಾವುದು ಯಾವಾಗ ದನಕ್ಕೆ ಹಾಕಬೇಕು, ಯಾವಾಗ ಹಾಕಬಾರದು ಅಂತ ಊರಿಗೇ ಹೇಳುತ್ತಿದ್ದ ಮನುಷ್ಯ.

ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದ ಮರುದಿನ ನಾನು ಅವರಿಗೆ ಹೇಳಿದೆ: “ಮಾಮಾ, ನಮ್ಮ ಗೌರಿ ಎಳೀ ಜೋಳ ತಿಂದು ಸತ್ತಿತ್ತಲ್ಲ, ಅದನ ವಿಷ ಈ ಬೀಜದಾಗ ಇತ್ತಂತ.” ಮಾಮಾ ನನ್ನನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, “ಇದನ್ನ ಮೊದಲ ಹೇಳಿದ್ರ ನಾ ಮುಟ್ಟತಿದ್ದಿಲ್ಲಲ್ಲೋ ತಮ್ಮಾ” ಅಂದರು.

ನನಗೇ ಗೊತ್ತಿರಲಿಲ್ಲ, ಹೇಗೆ ಹೇಳಲಿ? ‘ಸಯನೋಜೆನಿಕ್ ಗ್ಲೈಕೊಸೈಡ್’ ಅಂತ ವರದಿಯಲ್ಲಿ ಬರೆದಿದ್ದರೆ ಇಂಡಿಯ ರೈತನಿಗೆ ಏನು ಗೊತ್ತಾಗಬೇಕು? ‘ಎಳೆ ಜೋಳದ ವಿಷ ಇದರಲ್ಲಿದೆ’ ಅಂತ ನಾಲ್ಕು ಶಬ್ದ ಕನ್ನಡದಲ್ಲಿ, ಮರಾಠಿಯಲ್ಲಿ, ತೆಲುಗಿನಲ್ಲಿ ಆ ಪ್ಯಾಕೆಟ್ ಮೇಲೆ ಇದ್ದಿದ್ದರೆ ಸಾಕಿತ್ತು. ಸುಳ್ಳು ಮಾತ್ರ ಎಷ್ಟು ಚೆನ್ನಾಗಿ ಕನ್ನಡ ಕಲಿತು ಬರುತ್ತದೆ ನೋಡಿ. ನಿಜ ಮಾತ್ರ ಇನ್ನೂ ಇಂಗ್ಲಿಷಿನಲ್ಲೇ ಕೂತಿದೆ.

ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದೆ. ಮನೆಯಲ್ಲಿ ಆ ಪ್ಯಾಕೆಟ್ ಇದ್ದರೆ ಇವತ್ತೇ ಎಸೆಯಿರಿ, ಮಕ್ಕಳ ಕೈಗೆ ಸಿಗದ ಹಾಗೆ. ಯಾರಾದರೂ ತಿಂದು ತಲೆ ಸುತ್ತು, ವಾಂತಿ, ಏದುಸಿರು ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಪ್ಯಾಕೆಟ್ ಸಮೇತ ದೊಡ್ಡ ಆಸ್ಪತ್ರೆಗೆ ಓಡಿ, ಏನು ತಿಂದರು, ಎಷ್ಟು ತಿಂದರು ಅಂತ ನಾಚದೆ ಹೇಳಿ. ಕ್ಯಾನ್ಸರ್ ಅಂತ ಡಾಕ್ಟರು ಹೇಳಿದರೆ ಹೆದರಿಕೆ ಸಹಜ. ನನ್ನ ಮಾಮಾ ಹೆದರಿದ್ದರು, ನಾನೂ ಹೆದರಿದ್ದೆ. ಆದರೆ ಆ ಹೆದರಿಕೆಯನ್ನು ಡಾಕ್ಟರ ಮುಂದೆಯೇ ಹೇಳಿಕೊಳ್ಳಿ, ಇನ್ನೊಬ್ಬ ಡಾಕ್ಟರನ್ನು ಕೇಳಿ, ಅತ್ತುಬಿಡಿ. ಒಣಹಣ್ಣಿನ ಅಂಗಡಿಗೆ ಮಾತ್ರ ಹೋಗಬೇಡಿ.

ಆ ಬ್ಯಾಂಕಿನ ಹಿರಿಯರಿಗೆ ನಾನು ಫೋನ್ ಮಾಡಿದೆ. ಗೌರಿಯ ಕತೆ, ಮಾಮಾನ ಕತೆ ಎರಡೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಸಂದೇಶವನ್ನು ತೆಗೆದುಹಾಕಿದರು. ಆದರೆ ಅಷ್ಟರಲ್ಲಿ ಹನ್ನೊಂದು ಹೆಬ್ಬೆಟ್ಟು ಬಿದ್ದಿದ್ದವಲ್ಲ, ಅವರೆಲ್ಲಾ ಎಲ್ಲೆಲ್ಲಿಗೆ ಕಳಿಸಿದ್ದಾರೋ.

‘ಎಲ್ಲಿ ಸಿಗುತ್ತೆ?’ ಅಂತ ಕೇಳಿದವರ ನಂಬರಿಗೆ ಈಗ ಫೋನ್ ಹಚ್ಚುತ್ತಿದ್ದೇನೆ. ಇನ್ನೂ ಎತ್ತಿಲ್ಲ.